ಮರ ಕೊಯ್ಯೋ ಮೆಷಿನ್ ಮಾರಿ ಲಂಡನ್ ಸೇತುವೆ ಕೊಂಡ ರಾಬರ್ಟ್ ಮೆಕಲಕ್

ಯೆಜ್ಡಿ ಬೈಕ್ ಇಟ್ಟುಕೊಂಡವರಿಗೆ ಈ ಕಥೆ ಬೇಗ ಅರ್ಥ ಆಗುತ್ತೆ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು. ಹೆಸರು ಆಮೇಲೆ ಬೇರೆ ಕಂಪನಿ ಕೈಗೆ ಹೋಯ್ತು, ಹೊಸ ಬೈಕೂ ಬಂತು. ಆದರೆ ಹಳೇ ಯೆಜ್ಡಿಗಳು ಇವತ್ತಿಗೂ ಓಡ್ತಾ ಇರೋದು ಕಂಪನಿಯಿಂದಲ್ಲ. ಗುಜರಿ ಅಂಗಡಿ ಸುತ್ತಿ ಕಾರ್ಬೊರೇಟರ್ ಹುಡುಕೋರು, ಭಾನುವಾರ ಇಡೀ ದಿನ ಪಾಯಿಂಟ್ ಉಜ್ಜುತ್ತಾ ಕೂರೋರು, ಸಿಗದ ಪಾರ್ಟನ್ನು ಲೇತ್ ಅಂಗಡಿಯಲ್ಲಿ ಮಾಡಿಸೋರು, ಇಂಥವರಿಂದ.

ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಕಡೆ ಇದೇ ಹುಚ್ಚು ಮರ ಕೊಯ್ಯೋ ಮೆಷಿನ್ ಮೇಲೆ ಇದೆ. ಅದೇ, ಚೈನ್ ಸಾ. 50, 60, 70 ವರ್ಷ ಹಳೆಯ ಚೈನ್ ಸಾಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಮತ್ತೆ ಜೀವ ಕೊಟ್ಟು ಶೆಡ್ಡಿನ ಗೋಡೆ ಮೇಲೆ ಸಾಲಾಗಿ ಇಡೋದು ಅಲ್ಲಿ ದೊಡ್ಡ ಹವ್ಯಾಸ. ಆ ಸಾಲಿನಲ್ಲಿ ಹಳದಿ ಬಣ್ಣದ್ದು ಕಂಡರೆ ಹೆಚ್ಚಾಗಿ ಅದು ಮೆಕಲಕ್ ಕಂಪನಿದೇ ಆಗಿರುತ್ತೆ. ಹವ್ಯಾಸಿಗಳು ಅದನ್ನು ಪ್ರೀತಿಯಿಂದ ಬರೀ ಮ್ಯಾಕ್ ಅಂತ ಕರೀತಾರೆ.

ಆ ಮೆಷಿನ್ ಮೇಲಿರೋ ಹೆಸರು ಒಬ್ಬ ಮನುಷ್ಯನದು. ರಾಬರ್ಟ್ ಪ್ಯಾಕ್ಸ್‌ಟನ್ ಮೆಕಲಕ್. ಮರ ಕೊಯ್ಯೋ ಮೆಷಿನ್ ಮಾರಿದ ಲಾಭದ ಮೇಲೆ ಮರುಭೂಮಿಯಲ್ಲಿ ಊರು ಕಟ್ಟಿ, ಆ ಊರಿಗೆ ಗಿರಾಕಿ ಬರಲಿ ಅಂತ ಲಂಡನ್ ಸೇತುವೆಯನ್ನೇ ಕೊಂಡು ತಂದ ಮನುಷ್ಯ.

ತಾತನ ದುಡ್ಡು, ಮೊಮ್ಮಗನ ಎಂಜಿನ್

ದೊಡ್ಡ ಉದ್ಯಮಿಗಳ ಕಥೆ ಅಂದ ಕೂಡಲೇ ಬೀದಿ ದೀಪದ ಕೆಳಗೆ ಓದಿದ, ಉಪವಾಸ ಬಿದ್ದ ಅಂತ ಶುರುವಾಗೋದು ವಾಡಿಕೆ. ಇಲ್ಲಿ ಅದು ಯಾವುದೂ ಇಲ್ಲ. ಮೆಕಲಕ್ ಹುಟ್ಟಿದ್ದು 1911ರ ಮೇ 11ರಂದು, ಅಮೆರಿಕದ ಮಿಸ್ಸೌರಿ ರಾಜ್ಯದ ಸಿರಿವಂತರ ಮನೆಯಲ್ಲಿ. ತಾಯಿಯ ತಂದೆ ಜಾನ್ ಬೆಗ್ಸ್ ಊರೂರಿಗೆ ಕರೆಂಟು ಮತ್ತು ಟ್ರಾಮ್ ಗಾಡಿ ತಂದು ಕಾಸು ಮಾಡಿದ ಕುಳ. ಎಡಿಸನ್ ಪದ್ಧತಿಯ ವಿದ್ಯುತ್ ಕೇಂದ್ರಗಳನ್ನು ನಗರಗಳಲ್ಲಿ ಹಾಕಿಸಿದವರಲ್ಲಿ ಆತನೂ ಒಬ್ಬ. 1925ರಲ್ಲಿ ಆ ತಾತ ತೀರಿಕೊಂಡಾಗ ಆಸ್ತಿ ರಾಬರ್ಟ್‌ಗೂ, ಒಡಹುಟ್ಟಿದ ಇಬ್ಬರಿಗೂ ಬಂತು. ಹುಡುಗನಿಗೆ ಆಗ 14 ವರ್ಷ.

14ನೇ ವಯಸ್ಸಿಗೆ ಅಷ್ಟು ದುಡ್ಡು ಕೈಗೆ ಬಂದರೆ ಹುಡುಗ ಕೆಡಬಹುದಿತ್ತು. ಈತನಿಗೆ ಹಿಡಿದದ್ದು ಎಂಜಿನ್ ಹುಚ್ಚು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ. ನೀರಿನ ಮೇಲೆ ಹಾರಿಕೊಂಡು ಹೋಗೋ ಸಣ್ಣ ರೇಸ್ ದೋಣಿಗಳನ್ನು ಓಡಿಸಿದ. ರೇಸಿನಲ್ಲಿ ತೂಕ ಅನ್ನೋದೇ ಶತ್ರು. ಎಂಜಿನ್ ಚಿಕ್ಕದಿರಬೇಕು, ಹಗುರ ಇರಬೇಕು, ಶಕ್ತಿ ಮಾತ್ರ ಜಾಸ್ತಿ ಕೊಡಬೇಕು. ಆತ ಮುಂದೆ ಕೈ ಹಾಕಿದ ಒಂದೊಂದು ಎಂಜಿನ್ನಿನಲ್ಲೂ ಈ ಒಂದೇ ಹಠ ಕಾಣುತ್ತೆ.

ಓದು ಮುಗಿದು ಎರಡು ವರ್ಷಕ್ಕೆ ಮದುವೆ. ಹೆಣ್ಣು ಬಾರ್ಬರಾ ಬ್ರಿಗ್ಸ್, ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ ಸ್ಟೀಫನ್ ಬ್ರಿಗ್ಸ್ ಅವರ ಮಗಳು. ಸಣ್ಣ ಪೆಟ್ರೋಲ್ ಎಂಜಿನ್, ಪಂಪ್‌ಸೆಟ್ ರಿಪೇರಿ ಮಾಡೋರಿಗೆ ಈ ಕಂಪನಿ ಹೆಸರು ಪರಿಚಯ ಇದ್ದೇ ಇರುತ್ತೆ. ಅಂದರೆ ಮಾವ ಸಣ್ಣ ಎಂಜಿನ್ ಲೋಕದ ದೊರೆ. ಅಳಿಯನೂ ಅದೇ ಧಂದೆಗೆ ಇಳಿದ.

ಮೊದಲ ಕಂಪನಿ ಮಿಲ್ವಾಕಿ ನಗರದಲ್ಲಿ. ರೇಸ್ ಎಂಜಿನ್ನು, ಆಮೇಲೆ ಸೂಪರ್‌ಚಾರ್ಜರ್. ಎಂಜಿನ್ನಿನ ಒಳಕ್ಕೆ ಗಾಳಿಯನ್ನು ಒತ್ತಿ ತುಂಬಿ ಹೆಚ್ಚು ಶಕ್ತಿ ಬರಿಸೋ ಸಾಮಾನು ಅದು. 30 ದಾಟಿದ ಹೊಸತರಲ್ಲೇ ಆ ಕಂಪನಿಯನ್ನು ಬೋರ್ಗ್ ವಾರ್ನರ್ ಎಂಬ ದೊಡ್ಡ ಸಂಸ್ಥೆಗೆ 10 ಲಕ್ಷ ಡಾಲರ್‌ಗೆ ಮಾರಿಬಿಟ್ಟ. ಹಿಂದೆಯೇ ಇನ್ನೊಂದು ಕಂಪನಿ ತೆರೆದ. ಪೈಲಟ್ ಇಲ್ಲದೆ ಹಾರೋ ಗುರಿ ವಿಮಾನಗಳಿಗೆ, ಈಗಿನ ಮಾತಲ್ಲಿ ಹೇಳೋದಾದರೆ ಡ್ರೋನ್‌ಗಳಿಗೆ, ಹಗುರ ಟೂ ಸ್ಟ್ರೋಕ್ ಎಂಜಿನ್ ಮಾಡೋದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಗುಂಡು ಹೊಡೆಯೋ ಅಭ್ಯಾಸಕ್ಕೆ ಸೈನ್ಯ ಅವನ್ನು ಹಾರಿಸ್ತಿತ್ತು. ಉದುರಿಸೋದಕ್ಕೆಂದೇ ಹಾರಿಸೋ ವಿಮಾನದ ಎಂಜಿನ್ ಹಗುರವಾಗೂ ಇರಬೇಕು, ಅಗ್ಗವಾಗೂ ಇರಬೇಕು. ಆ ಪಾಠ ಮುಂದೆ ಬೇರೆ ಕಡೆ ಕೆಲಸಕ್ಕೆ ಬಂತು.

ಇಬ್ಬರ ಹೊರೆ ಒಬ್ಬನ ಕೈಗೆ

ಎರಡನೇ ಮಹಾಯುದ್ಧ ಮುಗಿದಿತ್ತು. ಊರಿಗೆ ವಾಪಸ್ ಬಂದ ಸೈನಿಕರಿಗೆ ಮನೆ ಬೇಕು. ಅಮೆರಿಕದಲ್ಲಿ ಮನೆ ಅಂದರೆ ಹೆಚ್ಚಿನ ಪಾಲು ಮರದ ಮನೆ. ಪೆಸಿಫಿಕ್ ಕರಾವಳಿಯ ಕಾಡುಗಳಲ್ಲಿ ಕೆಲಸವೋ ಕೆಲಸ. ಅಲ್ಲಿಯವರೆಗೆ ಅಲ್ಲಿನ ದೊಡ್ಡ ಮರಗಳನ್ನು ಆಚೆಗೊಬ್ಬ ಈಚೆಗೊಬ್ಬ ನಿಂತು ಎಳೆಯೋ ಉದ್ದ ಗರಗಸದಲ್ಲಿ ಕೊಯ್ಯುತ್ತಿದ್ದರು. ನಮ್ಮ ಕಡೆಯೂ ಹಳಬರು ಕಂಡಿರೋ ಅದೇ ಗರಗಸ.

ಮೆಷಿನ್ ಇರಲಿಲ್ಲ ಅಂತಲ್ಲ. 1920ರ ದಶಕದಲ್ಲೇ ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್, ಎಮಿಲ್ ಲೆರ್ಪ್ ಮೊದಲಾದವರು ಚೈನ್ ಸಾ ಮಾಡಿದ್ದರು. ಲೆರ್ಪ್ 1927ರಲ್ಲಿ ಡೋಲ್ಮಾರ್ ಅನ್ನೋ ಬೆಟ್ಟದ ಮೇಲೆ ಪರೀಕ್ಷೆ ಮಾಡಿದ ಪೆಟ್ರೋಲ್ ಮೆಷಿನ್ 58 ಕೆಜಿ ತೂಗುತ್ತಿತ್ತು. ಒಂದು ಮೂಟೆ ಸಿಮೆಂಟಿಗಿಂತ 8 ಕೆಜಿ ಜಾಸ್ತಿ. ಅದನ್ನು ಇಬ್ಬರು ಹಿಡಿದುಕೊಂಡು ಗುಡ್ಡ ಹತ್ತಬೇಕು, ಎತ್ತಿ ಮರಕ್ಕೆ ಇಡಬೇಕು. ಕೊಯ್ಯೋದಕ್ಕಿಂತ ಹೊರೋದೇ ದೊಡ್ಡ ಕೆಲಸ.

ಇನ್ನೂ ಒಂದು ತಾಪತ್ರಯ ಇತ್ತು. ಆಗಿನ ಕಾರ್ಬೊರೇಟರ್ ಒಳಗೆ ಫ್ಲೋಟ್ ಇರ್ತಿತ್ತು, ನಮ್ಮ ಬೈಕುಗಳಲ್ಲಿ ಇದ್ದ ಹಾಗೆ. ಮೆಷಿನ್ ಅಡ್ಡ ಮಾಡಿದರೆ ಪೆಟ್ರೋಲ್ ಚೆಲ್ಲಿ ಎಂಜಿನ್ ಆಫ್. ಆದರೆ ನಿಂತ ಮರ ಬೀಳಿಸೋಕೆ ಬಾರ್ ಅಡ್ಡ ಹಿಡಿಯಬೇಕು, ಬಿದ್ದ ಮರ ತುಂಡು ಮಾಡೋಕೆ ನೇರ ಹಿಡಿಯಬೇಕು. ಅದಕ್ಕೇ ಎಂಜಿನ್ ನೆಟ್ಟಗೆ ಇಟ್ಟು, ಬಾರನ್ನು ಮಾತ್ರ ತಿರುಗಿಸಿ ಬಿಗಿಯೋ ವ್ಯವಸ್ಥೆ ಮಾಡಿದ್ದರು. ಫ್ಲೋಟ್ ಬದಲು ತೆಳು ರಬ್ಬರ್ ಹಾಳೆಯ ಡಯಾಫ್ರಂ ಕಾರ್ಬೊರೇಟರ್ ಬಂದ ಮೇಲೆ ಹೇಗೆ ಹಿಡಿದರೂ ಎಂಜಿನ್ ಓಡೋ ಹಾಗಾಯ್ತು. ಇವತ್ತು ತೋಟದಲ್ಲಿ ಕಳೆ ಕೊಚ್ಚೋ ಮೆಷಿನ್ನನ್ನು ಬೇಕಾದ ಕಡೆ ವಾಲಿಸಿ ಬೀಸ್ತಾರಲ್ಲ, ಅದಕ್ಕೂ ಇದೇ ಡಯಾಫ್ರಂ ಕಾರಣ.

1946ರಲ್ಲಿ ಕಂಪನಿಗೆ ಮೆಕಲಕ್ ಮೋಟರ್ಸ್ ಅಂತ ಹೆಸರಾಯ್ತು, ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್‌ನಲ್ಲಿ ಫ್ಯಾಕ್ಟರಿ ನಿಂತಿತು. ಯಾವ ಮಾಲು ಮಾಡೋದು ಅನ್ನೋದೇ ಪ್ರಶ್ನೆ. ಹುಲ್ಲು ಕತ್ತರಿಸೋ ಮೆಷಿನ್, ತೋಟದ ಟ್ರ್ಯಾಕ್ಟರ್ ಎಂಜಿನ್ ಮಾರ್ಕೆಟ್ಟು ಮಾವನ ಕೈಲಿ. ದೋಣಿ ಮೋಟರ್ ಮಾರ್ಕೆಟ್ಟು ಎವಿನ್‌ರೂಡ್ ಕೈಲಿ. ಎರಡರ ನಡುವೆ ಖಾಲಿ ಉಳಿದಿದ್ದ ಜಾಗ ಚೈನ್ ಸಾ. ಮೇನ್ ರೋಡಲ್ಲಿ ಎರಡು ದೊಡ್ಡ ಅಂಗಡಿ ಇದ್ದಾಗ ಅವರು ಇಡದ ಮಾಲು ಇಟ್ಟು ಬದುಕೋದು ವ್ಯಾಪಾರಸ್ಥರಿಗೆ ಹೊಸದೇನಲ್ಲ.

1948ರಲ್ಲಿ ಮೆಕಲಕ್ ಹೆಸರಿನ ಮೊದಲ ಚೈನ್ ಸಾ ಬಂತು. ಮಾಡೆಲ್ 5-49. ಈ ನಂಬರಿಗೆ ಜ್ಯೋತಿಷ್ಯ ಏನೂ ಬೇಡ. 5 ಹಾರ್ಸ್ ಪವರ್, 49 ಪೌಂಡ್ ತೂಕ, ಅಂದರೆ 22 ಕೆಜಿ. ಮುಂದಿನ ವರ್ಷವೇ 3-25. 3 ಹಾರ್ಸ್ ಪವರ್, 25 ಪೌಂಡ್. ಕೆಜಿ ಲೆಕ್ಕದಲ್ಲಿ 11 ಚಿಲ್ಲರೆ. ಅರ್ಧಕ್ಕೆ ಅರ್ಧ ತೂಕ ಒಂದೇ ವರ್ಷದಲ್ಲಿ ಇಳಿದಿತ್ತು.

ಈ 3-25 ಮೆಷಿನ್ನೇ ಮೆಕಲಕ್ ಬದುಕಿನ ದೊಡ್ಡ ಕೆಲಸ ಅಂದರೆ ತಪ್ಪಾಗಲ್ಲ. ಆಮೇಲೆ ಮಾಡಿದ್ದೆಲ್ಲ ಇದಕ್ಕಿಂತ ಸದ್ದು ಮಾಡಿತು ಅಷ್ಟೆ. ಒಬ್ಬನೇ ಆಳು ಹೆಗಲ ಮೇಲೆ ಇಟ್ಟುಕೊಂಡು ಕಾಡಿಗೆ ಹೋಗಿ, ಮರ ಬೀಳಿಸಿ, ರೆಂಬೆ ಸವರಿ, ತುಂಡು ಮಾಡಿ ಬರಬಹುದು ಅಂತಾಯ್ತು. ಮರದ ಕಂಪನಿಗಳು ಮಾತ್ರ ಕೊಳ್ಳೋ ಸಾಮಾನಾಗಿದ್ದದ್ದು ರೈತನೂ ಕೊಳ್ಳೋ ಸಾಮಾನಾಯ್ತು. ಬೇರೆಯವರೂ ಒಬ್ಬನೇ ಹಿಡಿಯೋ ಮೆಷಿನ್ ಕಡೆಗೆ ಬರ್ತಾ ಇದ್ದರು, ಮೆಕಲಕ್ ಒಬ್ಬನೇ ಕಂಡುಹಿಡಿದ ಅನ್ನೋಕಾಗಲ್ಲ. ಆದರೆ ಮಾರ್ಕೆಟ್ ತಿರುಗಿಸಿದ್ದು ಈ ಮಾಡೆಲ್. ಮುಂದಿನ ಹತ್ತು ವರ್ಷ ಚೈನ್ ಸಾ ವ್ಯಾಪಾರದಲ್ಲಿ ಮೆಕಲಕ್ ಮುಂಚೂಣಿಯಲ್ಲಿದ್ದ.

ಅದೇ ಕಾಲಕ್ಕೆ ಇನ್ನೊಂದು ಅನುಕೂಲವೂ ಕೂಡಿ ಬಂತು. ಆರೆಗಾನ್ ರಾಜ್ಯದ ಜೋ ಕಾಕ್ಸ್ ಅನ್ನೋ ಮರ ಕಡಿಯೋ ಕೆಲಸಗಾರ, ಕೊರಡಿನೊಳಗೆ ಒಂದು ಹುಳ ಎಡಕ್ಕೂ ಬಲಕ್ಕೂ ಸಲೀಸಾಗಿ ಕೊರೆಯೋದನ್ನು ನೋಡಿ, ಅದರ ಹಲ್ಲಿನ ಆಕಾರದಲ್ಲೇ ಚೈನಿನ ಹಲ್ಲು ಮಾಡಿದ. 1947ರಲ್ಲಿ ಅದು ಮಾರಾಟಕ್ಕೆ ಬಂತು. ಅಂಗಡಿಗಳಲ್ಲಿ ಇವತ್ತೂ ಸಿಗೋ ಆರೆಗಾನ್ ಚೈನ್ ಆ ವಂಶದ್ದೇ. ಹಗುರ ಎಂಜಿನ್ ಒಬ್ಬ ಕೊಟ್ಟ, ಚೂಪು ಹಲ್ಲು ಇನ್ನೊಬ್ಬ ಕೊಟ್ಟ.

ಒಂದು ಕಡೆ ನಿಲ್ಲದ ಕಾಲು

ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ಅದನ್ನೇ ಬಿಗಿಯಾಗಿ ಹಿಡ್ಕೊಂಡು ಕೂರ್ತಿದ್ದರೇನೋ. ಮೆಕಲಕ್‌ಗೆ ಅದು ಆಗದ ಮಾತು. ಎರಡು ರೋಟರಿನ ಹೆಲಿಕಾಪ್ಟರ್ ಮಾಡಿಸಿದ. ತನ್ನ ನಡುವಿನ ಹೆಸರನ್ನೇ ಇಟ್ಟು ಪ್ಯಾಕ್ಸ್‌ಟನ್ ಸೂಪರ್‌ಚಾರ್ಜರ್ ತಂದ, ಅದು ಕೈಸರ್, ಸ್ಟುಡಿಬೇಕರ್ ಕಾರುಗಳಿಗೆ ಹೋಯ್ತು. ತೈಲ ಕಂಪನಿ ಮಾಡಿದ. 1956ರಲ್ಲಿ ಸ್ಕಾಟ್ ಆಟ್‌ವಾಟರ್ ಎಂಬ ದೋಣಿ ಮೋಟರ್ ಕಂಪನಿ ಕೊಂಡ. ಕೊನೆಗೆ ಮನೆಯಂಗಳದಿಂದ ಹಾರಬಲ್ಲ ಸಣ್ಣ ಗೈರೋಪ್ಲೇನ್‌ಗೂ ಕೈ ಹಾಕಿದ. ಎಲ್ಲವೂ ಕೈ ಹಿಡಿಯಲಿಲ್ಲ. ಹೆಲಿಕಾಪ್ಟರನ್ನಂತೂ ಕೊಳ್ಳೋರೇ ಇರಲಿಲ್ಲ ಅನ್ನಬಹುದು.

ಚೈನ್ ಸಾ ಎಂಜಿನ್ ಮಾತ್ರ ಹೇಳದೆ ಕೇಳದೆ ಬೇರೆ ದಾರಿ ಹಿಡಿಯಿತು. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸ್ ಎಂಬ ರೇಸ್ ಕಾರ್ ಮೆಕ್ಯಾನಿಕ್ ಪೈಪು ಬೆಸೆದು ಪುಟ್ಟ ಗಾಡಿ ಮಾಡಿ ಹುಲ್ಲು ಕತ್ತರಿಸೋ ಮೆಷಿನ್ನಿನ ಎಂಜಿನ್ ಕೂರಿಸಿದ. ಅದೇ ಗೋ ಕಾರ್ಟ್. ನೋಡಿದವರೆಲ್ಲ ಮಾಡಿಸಿಕೊಂಡರು, ಇನ್ನೂ ಜೋರು ಬೇಕು ಅಂದವರು ಮೆಕಲಕ್ ಚೈನ್ ಸಾ ಎಂಜಿನ್ ಕಿತ್ತು ಹಾಕಿದರು. ಗಿರಾಕಿಗಳೇ ದಾರಿ ತೋರಿಸಿದ ಮೇಲೆ ಕಂಪನಿ ಸುಮ್ಮನಿರಲಿಲ್ಲ. 1959ರಲ್ಲಿ ಕಾರ್ಟ್‌ಗೆಂದೇ ಎಂಸಿ-10 ಎಂಜಿನ್ ಬಿಟ್ಟಿತು. ಮರ ಕೊಯ್ಯೋ ಎಂಜಿನ್ನಿನ ಸಂತಾನ ರೇಸ್ ಟ್ರ್ಯಾಕಿನಲ್ಲಿ ಓಡಿತು. ಈ ಸಂಬಂಧ ಹವ್ಯಾಸಿಗಳಿಗೆ ಇವತ್ತು ಅನ್ನ ಹಾಕ್ತಿದೆ, ಅದು ಮುಂದೆ ಬರುತ್ತೆ.

ಮರುಭೂಮಿಗೆ ಬಂದ ಸೇತುವೆ

ದೋಣಿ ಮೋಟರ್ ಪರೀಕ್ಷೆ ಮಾಡೋಕೆ ಮೆಕಲಕ್‌ಗೆ ಕೆರೆ ಬೇಕಿತ್ತು. ವಿಮಾನದಿಂದ ಹುಡುಕುವಾಗ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ ಹವಾಸು ಸರೋವರ ಕಣ್ಣಿಗೆ ಬಿತ್ತು. ಕೊಲರಾಡೊ ನದಿಗೆ ಪಾರ್ಕರ್ ಡ್ಯಾಂ ಕಟ್ಟಿದ್ದರಿಂದ ನಿಂತ ಹಿನ್ನೀರು ಅದು. ಡ್ಯಾಂ ಹಿನ್ನೀರು ಅಂದರೆ ಏನು ಅಂತ ಶರಾವತಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಆದರೆ ಇಲ್ಲಿ ಸುತ್ತ ಕಾಡಿಲ್ಲ, ಬರೀ ಕಲ್ಲು ಮರಳು. ಬೇಸಿಗೆಯಲ್ಲಿ 45 ಡಿಗ್ರಿ ದಾಟೋ ಬಿಸಿಲು.

1958ರಲ್ಲಿ ಅಲ್ಲಿ 3,353 ಎಕರೆ ಕೊಂಡ. 1963ರಲ್ಲಿ ಪಕ್ಕದ 26 ಚದರ ಮೈಲಿ ಸರ್ಕಾರಿ ಜಾಗವನ್ನು ಹರಾಜಿನಲ್ಲಿ ಎಕರೆಗೆ 75 ಡಾಲರ್‌ಗೂ ಕಮ್ಮಿ ರೇಟಿಗೆ ಹಿಡಿದ. ಲೇಔಟ್ ಮಾಡಿ ಸೈಟು ಮಾರೋ ಯೋಜನೆ. ಆದರೆ ಕೆಲಸ ಇಲ್ಲದ ಊರಿಗೆ ಯಾರು ಬರ್ತಾರೆ? ಅದಕ್ಕೆ 1964ರಲ್ಲಿ ಚೈನ್ ಸಾ ಫ್ಯಾಕ್ಟರಿಯನ್ನೇ ಅಲ್ಲಿ ತೆರೆದ. ಮರವೇ ಇಲ್ಲದ ಜಾಗದಲ್ಲಿ ಮರ ಕೊಯ್ಯೋ ಮೆಷಿನ್ ತಯಾರಾಯ್ತು! ಎರಡೇ ವರ್ಷದಲ್ಲಿ ಮೂರು ಕಾರ್ಖಾನೆ, 400ರಷ್ಟು ಕೆಲಸಗಾರರು. ಸೈಟು ನೋಡೋಕೆ ಬರೋರಿಗೆ ಪುಕ್ಕಟೆ ವಿಮಾನ ಬೇರೆ. ಡಿಸ್ನಿಲ್ಯಾಂಡ್ ಕಟ್ಟೋದರಲ್ಲಿ ಪಳಗಿದ್ದ ಸಿ.ವಿ. ವುಡ್ ಊರಿನ ನಕ್ಷೆ ಹಾಕಿದ.

ಆದರೂ ಊರು ಜನರ ಬಾಯಿಗೆ ಬೀಳಲಿಲ್ಲ. ಅಷ್ಟರಲ್ಲಿ ಅತ್ತ ಲಂಡನ್ನಿನಲ್ಲಿ ಥೇಮ್ಸ್ ನದಿ ಮೇಲಿನ ಲಂಡನ್ ಸೇತುವೆ ಮಾರಾಟಕ್ಕೆ ಬಂತು. ಎಲ್‌ಕೆಜಿ ಮಕ್ಕಳು ಹಾಡೋದು ಇದಕ್ಕಿಂತ ಹಳೇ ಸೇತುವೆಯ ಬಗ್ಗೆ. ಇದು 1831ರಲ್ಲಿ ಓಡಾಟಕ್ಕೆ ತೆರೆದ ಗ್ರಾನೈಟ್ ಸೇತುವೆ. ಲಾರಿ, ಬಸ್ಸಿನ ಭಾರಕ್ಕೆ ನಿಧಾನವಾಗಿ ಕುಸೀತಿತ್ತು. ಒಡೆದು ಬಿಸಾಕೋ ಬದಲು ಮಾರಿಬಿಡೋಣ ಅಂತ ನಗರಸಭೆ ಸದಸ್ಯ ಐವನ್ ಲಕಿನ್ ಸೂಚಿಸಿದ್ದ. 1968ರ ಏಪ್ರಿಲ್‌ನಲ್ಲಿ ಮೆಕಲಕ್ ಅದನ್ನು 24 ಲಕ್ಷ 60 ಸಾವಿರ ಡಾಲರ್‌ಗೆ ಕೊಂಡ. ಆಗ ಡಾಲರ್‌ಗೆ ಏಳೂವರೆ ರೂಪಾಯಿ, ಅಂದರೆ 1 ಕೋಟಿ 84 ಲಕ್ಷದಷ್ಟು. ಬಿಚ್ಚೋ ಖರ್ಚು 12 ಲಕ್ಷ ಡಾಲರ್, ಅದರ ಡಬಲ್ 24 ಲಕ್ಷ, ಅದರ ಮೇಲೆ ಸೇತುವೆ ಮತ್ತೆ ತೆರೆಯೋ ಹೊತ್ತಿಗೆ ತನಗೆ ಆಗೋ 60 ವರ್ಷಕ್ಕೆ ವರ್ಷಕ್ಕೊಂದು ಸಾವಿರ ಸೇರಿಸಿ ರೇಟು ಹೇಳಿದ ಅಂತ ಪ್ರತೀತಿ.

10,276 ಕಲ್ಲುಗಳಿಗೆ ಒಂದೊಂದಕ್ಕೂ ನಂಬರ್ ಬರೆದರು. ಹಳೇ ತೊಟ್ಟಿ ಮನೆ ಬಿಚ್ಚುವಾಗ ಕಂಬ, ತೊಲೆಗಳಿಗೆ ಗುರುತು ಹಾಕ್ತಾರಲ್ಲ, ಹಾಗೆ. ಹಡಗಿನಲ್ಲಿ ಪನಾಮಾ ಕಾಲುವೆ ದಾಟಿ ಕ್ಯಾಲಿಫೋರ್ನಿಯಾ, ಅಲ್ಲಿಂದ ಲಾರಿಯಲ್ಲಿ ಮರುಭೂಮಿ. ಒಳಗೆ ಕಾಂಕ್ರೀಟ್ ಎಲುಬು ಕಟ್ಟಿ ಹೊರಗೆ ಹಳೇ ಕಲ್ಲು ಹೊದಿಸಿದರು. ತಮಾಷೆ ಅಂದರೆ ಸೇತುವೆ ಕಟ್ಟುವಾಗ ಕೆಳಗೆ ನೀರೇ ಇರಲಿಲ್ಲ. ಒಣನೆಲದ ಮೇಲೆ ಸೇತುವೆ ಎಬ್ಬಿಸಿ, ಆಮೇಲೆ ಕಾಲುವೆ ತೋಡಿ ನೀರು ಬಿಟ್ಟರು. ಸಾಗಣೆಗೂ ಕಟ್ಟೋಕೂ ಇನ್ನೊಂದು 70 ಲಕ್ಷ ಡಾಲರ್. 1971ರ ಅಕ್ಟೋಬರ್ 10ರಂದು ಲಂಡನ್ನಿನ ಲಾರ್ಡ್ ಮೇಯರ್ ಎದುರಲ್ಲಿ ಉದ್ಘಾಟನೆ ಆಯ್ತು.

ಆತ ಎರಡು ಗೋಪುರದ ಟವರ್ ಬ್ರಿಡ್ಜ್ ಅಂದ್ಕೊಂಡು ತಪ್ಪಿ ಈ ಸಾದಾ ಸೇತುವೆ ಕೊಂಡ ಅಂತ ಒಂದು ಕಥೆ ಈಗಲೂ ಓಡಾಡುತ್ತೆ. ಮೆಕಲಕ್ಕೂ, ಮಾರಿದ ಲಕಿನ್ನೂ ಇಬ್ಬರೂ ಅದನ್ನು ಅಲ್ಲಗಳೆದಿದ್ದರು. ಒಂದೊಂದು ಕಲ್ಲಿಗೂ ನಂಬರ್ ಹಾಕಿಸಿದ ಮನುಷ್ಯ ಯಾವ ಸೇತುವೆ ಅಂತ ನೋಡದೆ ದುಡ್ಡು ಕೊಟ್ಟ ಅನ್ನೋದು ನಂಬೋ ಮಾತಲ್ಲ. ವ್ಯಾಪಾರ ಅಂತೂ ಗೆದ್ದಿತು. ಹವಾಸು ಇವತ್ತು 50 ಸಾವಿರ ದಾಟಿದ ಊರು, ಸೇತುವೆ ನೋಡೋಕೆ ಜನ ಹೋಗ್ತಾನೇ ಇರ್ತಾರೆ.

ಹೆಸರು ಉಳೀತು, ಕಂಪನಿ ಹೋಯ್ತು

ಧಣಿ ಊರು ಕಟ್ಟೋದರಲ್ಲಿ ಇದ್ದಾಗ ಚೈನ್ ಸಾ ಮಾರ್ಕೆಟ್ ಸುಮ್ಮನೆ ಕಾಯ್ತಾ ಕೂತಿರಲಿಲ್ಲ. 1959ರಲ್ಲಿ ಸ್ಟಿಲ್ ಕಂಪನಿ ಕಾಂಟ್ರಾ ಅನ್ನೋ ಮೆಷಿನ್ ತಂದಿತ್ತು. ಆಮೇಲೆ ಕೈ ನಡುಕ ತಡೆಯೋ ಹಿಡಿಕೆ, ಚೈನ್ ಬ್ರೇಕ್ ಎಲ್ಲ ಬಂದವು. 1971ರ ಹೊತ್ತಿಗೆ, ಅಂದರೆ ಸೇತುವೆ ಉದ್ಘಾಟನೆ ಆದ ವರ್ಷವೇ, ಪ್ರಪಂಚದಲ್ಲಿ ಅತಿ ಹೆಚ್ಚು ಮಾರಾಟ ಆಗೋ ಚೈನ್ ಸಾ ಸ್ಟಿಲ್ ಆಗಿಬಿಟ್ಟಿತ್ತು. ಜರ್ಮನಿಯವರು ಒಂದೇ ಕೆಲಸ ಹಿಡಿದು ಕೂತರು, ಮೆಕಲಕ್ ಹತ್ತು ಕೆಲಸ ಹಿಡಿದ. ಸೋತದ್ದಕ್ಕೆ ಇದೊಂದೇ ಕಾರಣ ಅನ್ನೋಕೆ ಆಗಲ್ಲ, ಆದರೆ ಇದನ್ನು ಬಿಟ್ಟು ಹೇಳೋಕೂ ಆಗಲ್ಲ.

1973ರಲ್ಲಿ ಚೈನ್ ಸಾ ಕಂಪನಿ ಬ್ಲ್ಯಾಕ್ ಅಂಡ್ ಡೆಕರ್ ಪಾಲಾಯ್ತು, ಡ್ರಿಲ್ಲಿಂಗ್ ಮೆಷಿನ್ ಮೇಲೆ ಹೆಸರು ನೋಡಿರ್ತೀರಿ. 1977ರ ಫೆಬ್ರವರಿ 25ರಂದು ಮೆಕಲಕ್ ತೀರಿಕೊಂಡ, 65 ವರ್ಷ. ಕಂಪನಿ ಇನ್ನೂ ಕೈ ಬದಲಾಯಿಸುತ್ತಾ ನಡೆದು 1999ರಲ್ಲಿ ದಿವಾಳಿ ಅರ್ಜಿ ಹಾಕಿತು. ಮೆಕಲಕ್ ಅನ್ನೋ ಹೆಸರು ಈಗ ಸ್ವೀಡನ್ನಿನ ಹಸ್ಕ್‌ವರ್ನಾದ ಬಳಿ ಇದೆ. ಆ ಹೆಸರಲ್ಲಿ ಹೊಸ ಮೆಷಿನ್ ಸಿಗುತ್ತೆ. ಆದರೆ 1950, 60ರ ಹಳದಿ ಮ್ಯಾಕ್‌ಗೆ ಪಾರ್ಟು ಕೇಳಿದರೆ ಶೋರೂಮಿನಲ್ಲಿ ಸಿಗಲ್ಲ.

ಹವ್ಯಾಸಿಗಳ ಕೆಲಸ ಶುರುವಾಗೋದೇ ಇಲ್ಲಿಂದ.

ಹಳೇ ಮೆಷಿನ್ ಕೊಳ್ಳುವಾಗ ಅನುಭವಿಗಳು ಮೊದಲು ನೋಡೋದು ಬಣ್ಣ ಅಲ್ಲ. ಸೈಲೆನ್ಸರ್ ಬಿಚ್ಚಿ, ಆ ತೂತಿನಲ್ಲಿ ಟಾರ್ಚ್ ಬಿಟ್ಟು ಪಿಸ್ಟನ್ ನೋಡ್ತಾರೆ. ಉದ್ದಕ್ಕೆ ಗೀರು ಬಿದ್ದಿದ್ದರೆ ಆಯಿಲ್ ಕಮ್ಮಿಯಾಗಿಯೋ, ಸೀಲ್ ಹೋಗಿ ಗಾಳಿ ಎಳೆದೋ ಸೀಜ್ ಆಗಿದೆ ಅಂತ ಲೆಕ್ಕ. ಪಿಸ್ಟನ್ ನುಣುಪಾಗಿದ್ದರೆ ಉಳಿದದ್ದೆಲ್ಲ ಸರಿ ಮಾಡಬಹುದು. ಆಮೇಲೆ ಹಗ್ಗ ಎಳೆದು ಕಂಪ್ರೆಷನ್ ಹಿಡಿತ ನೋಡ್ತಾರೆ.

ಕಿಡಿ ಬರ್ತಿಲ್ಲ ಅಂದರೆ ಫ್ಲೈವೀಲ್ ಬಿಚ್ಚಬೇಕು, ಅದರ ಹಿಂದೆ ಪಾಯಿಂಟ್ ಇರುತ್ತೆ. ವರ್ಷಗಟ್ಟಲೆ ಸುಮ್ಮನೆ ಬಿದ್ದ ಮೆಷಿನ್ನಿನಲ್ಲಿ ಪಾಯಿಂಟ್ ಮೇಲೆ ತುಕ್ಕಿನ ಪೊರೆ ಕೂತಿರುತ್ತೆ. ನುಣ್ಣನೆ ಸ್ಯಾಂಡ್ ಪೇಪರಲ್ಲಿ ಉಜ್ಜಿ, ಒಂದು ವಿಸಿಟಿಂಗ್ ಕಾರ್ಡ್ ನಡುವೆ ಎಳೆದು ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಕಿಡಿ ಬಂದುಬಿಡುತ್ತೆ. ಬರದಿದ್ದರೆ ಕಂಡೆನ್ಸರ್. ಬಹಳಷ್ಟು ಮ್ಯಾಕ್‌ಗಳಿಗೆ ಪಾಯಿಂಟ್ ಸಂದು 0.018 ಇಂಚು.

ಕಾರ್ಬೊರೇಟರ್ ಒಳಗಿನ ಡಯಾಫ್ರಂ ಹಪ್ಪಳದ ಹಾಗೆ ಗಟ್ಟಿಯಾಗಿರುತ್ತೆ, ಪೆಟ್ರೋಲ್ ಪೈಪು ಮುಟ್ಟಿದರೆ ಪುಡಿ. ಇದರಲ್ಲಿ ಎಥನಾಲ್ ಪಾತ್ರವೂ ಇದೆ. ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರಿಗೆ ಆಗಿಬರಲ್ಲ, ಜೊತೆಗೆ ತೇವ ಹೀರಿಕೊಳ್ಳುತ್ತೆ. ನಮ್ಮ ಬಂಕುಗಳಲ್ಲೂ ಈಗ ಇ20 ಬರ್ತಿರೋದ್ರಿಂದ ಔಷಧಿ ಹೊಡೆಯೋ ಪಂಪು, ಕಳೆ ಮೆಷಿನ್ ಇಟ್ಟುಕೊಂಡವರಿಗೂ ಈ ಮಾತು ಅನ್ವಯ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಲ್ಲಿ ಉಳಿದದ್ದು ಉರಿದು ಎಂಜಿನ್ ತಾನಾಗಿ ನಿಲ್ಲೋವರೆಗೂ ಓಡಿಸಿ ಇಡೋದು ಹವ್ಯಾಸಿಗಳ ರೂಢಿ.

ಬಾಡಿಗೆ ಹೆಚ್ಚಾಗಿ ಮೆಗ್ನೀಷಿಯಂ ಎರಕ. ತೂಕ ಇಳಿಸಿದ್ದರ ಗುಟ್ಟಲ್ಲಿ ಅದೂ ಒಂದು. ಆದರೆ ಒದ್ದೆಯಲ್ಲಿ ಬಿಟ್ಟರೆ ಬಿಳಿ ಪುಡಿಯಾಗಿ ಸವೆದು ಹೋಗುತ್ತೆ, ಗ್ರೈಂಡರ್ ಹಿಡಿದು ಉಜ್ಜಿದರೆ ಅದರ ಪುಡಿಗೆ ಬೆಂಕಿ ಹತ್ತೋ ಅಪಾಯ. ಅರ್ಧ ಇಂಚು ಪಿಚ್ಚಿನ ಹಳೇ ಚೈನು ಈಗ ಸುಲಭಕ್ಕೆ ಸಿಗಲ್ಲ, ಸ್ಪ್ರಾಕೆಟ್ ಬದಲಾಯಿಸಿ ಈಗಿನ ಅಳತೆಯದ್ದು ಹಾಕಿಕೊಳ್ತಾರೆ. ಚೈನಿಗೆ ಆಯಿಲ್ ಹೋಗೋಕೆ ಹೆಬ್ಬೆರಳಲ್ಲಿ ಬಟನ್ ಒತ್ತುತ್ತಾ ಇರಬೇಕು, ಎಷ್ಟೋ ಹಳೇ ಮಾಡೆಲ್‌ಗಳಲ್ಲಿ ಅದು ತಾನಾಗಿ ಬರಲ್ಲ.

ಪಾರ್ಟಿನ ವಿಷಯದಲ್ಲಿ ಮ್ಯಾಕ್ ಇಟ್ಟುಕೊಂಡವರ ಅದೃಷ್ಟ ಒಂದಿದೆ. 123 ಸಿಸಿಯ ದೊಡ್ಡ ಮೆಷಿನ್‌ಗಳು, ಅದರಲ್ಲೂ ಸೂಪರ್ ಪ್ರೊ 125 ಅನ್ನೋ ಮಾಡೆಲ್, ಕಾರ್ಟ್ ಎಂಜಿನ್ ಕುಟುಂಬದ್ದೇ. ಸ್ಪ್ಲೆಂಡರ್ ಬೈಕಿನ ಎಂಜಿನ್ 100 ಸಿಸಿಗೂ ಕಮ್ಮಿ ಅನ್ನೋದು ನೆನಪಿದ್ದರೆ ಕೈಯಲ್ಲಿ ಹಿಡಿಯೋ ಈ ಮೆಷಿನ್ ಎಂಥದ್ದು ಅಂತ ಗೊತ್ತಾಗುತ್ತೆ. ಹಳೇ ಕಾರ್ಟ್ ಓಡಿಸೋ ಹವ್ಯಾಸಿಗಳು ಇನ್ನೂ ಇರೋದ್ರಿಂದ ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಹಲವು ಇದಕ್ಕೂ ಹೊಂದುತ್ತವೆ. ಹಿಂದೆ ಕಾರ್ಟ್‌ನವರು ಚೈನ್ ಸಾ ಕಿತ್ತು ಎಂಜಿನ್ ಒಯ್ದರು, ಈಗ ಚೈನ್ ಸಾದವರು ಕಾರ್ಟ್ ಪಾರ್ಟು ತರ್ತಾರೆ. ಹೊಸದಾಗಿ ಶುರು ಮಾಡೋರಿಗೆ ಮಾತ್ರ 125 ಬೇಡ ಅಂತಲೇ ಹಳಬರು ಹೇಳೋದು. ದುಬಾರಿ, ಹಗ್ಗ ಎಳೆದರೆ ಬೆರಳು ಕಿತ್ತುಬರೋ ಹಾಗೆ ತಿರುಗಿ ಎಳೆಯುತ್ತೆ. 1960ರ ದಶಕದಲ್ಲಿ ಬಂದು ಬಹಳ ಕಾಲ ನಡೆದ 10-10 ಮಾಡೆಲ್ ಸಾಕು. 54 ಸಿಸಿ, ಪಾರ್ಟು ಸಿಗುತ್ತೆ, ಬಿಚ್ಚೋದು ಸುಲಭ.

ಹಾಗಂತ ಇವನ್ನು ದಿನದ ಕೆಲಸಕ್ಕೆ ಯಾರೂ ಬಳಸಲ್ಲ. ಹಳೇ ಮ್ಯಾಕ್‌ಗಳಲ್ಲಿ ಚೈನ್ ಬ್ರೇಕ್ ಇಲ್ಲ, ನಡುಕ ತಡೆಯೋ ರಬ್ಬರ್ ಇಲ್ಲ. ಬಾರಿನ ತುದಿ ಕೊರಡಿಗೆ ತಾಗಿ ಮೇಲಕ್ಕೆ ಚಿಮ್ಮಿದರೆ ತಡೆಯೋಕೆ ಏನೂ ಇಲ್ಲ. ವರ್ಷಗಟ್ಟಲೆ ಇಂಥದ್ದು ಹಿಡಿದವರ ಬೆರಳಿಗೆ ರಕ್ತ ಓಡದೆ ಬೆಳ್ಳಗಾಗೋ ಕಾಯಿಲೆ ಬರ್ತಿತ್ತು. ಸದ್ದಂತೂ ಕೇಳಬೇಡಿ. ಅದಕ್ಕೇ ಕಿವಿಗೆ ಮುಚ್ಚಳ, ಕಾಲಿಗೆ ದಪ್ಪ ರಕ್ಷಾ ಪ್ಯಾಂಟು ಹಾಕಿಕೊಂಡು, ನೆಲದ ಮೇಲೆ ಕಟ್ಟಿಟ್ಟ ಒಂದು ದಿಮ್ಮಿಯಿಂದ ಎರಡು ಬಿಲ್ಲೆ ಕೊಯ್ದು, ಎಂಜಿನ್ ಆಫ್ ಮಾಡಿ, ಟ್ಯಾಂಕ್ ಖಾಲಿ ಮಾಡಿ, ಒರೆಸಿ ಮತ್ತೆ ಗೋಡೆ ಮೇಲಿಡ್ತಾರೆ.